ನೀರಿನ ಎಳೆ ಮತ್ತು ಕೆಂಪು ಹಗ್ಗ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ದಕ್ಕೆ ಬಿಟ್ಟು ಹೊರಡುವಂತಿಲ್ಲ. ಆಗ ಕಡಲಿಗಿಳಿಯುವುದು 10 ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗಳು. ವರ್ಷದ ಅತಿ ಒರಟು ಕಡಲು ಅತಿ ಚಿಕ್ಕ ದೋಣಿಯ ಪಾಲಿಗೆ. ಆದರೂ ನಾಡದೋಣಿ ಎಂದೊಡನೆ ಮಾತೆಲ್ಲ ಸಬ್ಸಿಡಿ ಸೀಮೆಎಣ್ಣೆಯ ಸುತ್ತಲೇ ತಿರುಗುತ್ತದೆ. ಆ ಎಂಜಿನ್ ನಡೆಸುವ ರೀತಿಯನ್ನು ಯಾರೂ ಒರೆಗೆ ಹಚ್ಚುವುದಿಲ್ಲ.

ಎಣ್ಣೆಯ ವಿಷಯದಲ್ಲಿ ನಮ್ಮ ಮೀನುಗಾರರ ಶಿಸ್ತು ಮೆಚ್ಚುವಂಥದ್ದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರುತ್ತಾರೆ. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಂಜಿನ್ ಸತಾಯಿಸುತ್ತದೆ. ಇದೇ ಶಿಸ್ತು ನೀರಿನ ವಿಷಯಕ್ಕೆ ಬಂದಿಲ್ಲ. ಎಂಜಿನ್ನಿನ ಕೆಳಭಾಗದಲ್ಲಿ ಕೂತ ರಬ್ಬರಿನ ಇಂಪೆಲ್ಲರ್ ಕಡಲ ನೀರನ್ನೇ ಹೀರಿ ಸಿಲಿಂಡರಿನ ಸುತ್ತ ಹಾಯಿಸುತ್ತದೆ. ಅದರಲ್ಲೊಂದಿಷ್ಟು ತೆಳು ಎಳೆಯಾಗಿ ಹೊರಗೆ ಚಿಮ್ಮುತ್ತದೆ. ಕಣ್ಣಿಡಬೇಕಾದದ್ದು ಆ ಎಳೆಯ ಮೇಲೆ. ಮಳೆಗಾಲದ ಅಳಿವೆಯಲ್ಲಿ ಮರಳು ಕದಡಿರುತ್ತದೆ, ಹೊಳೆ ಪ್ಲಾಸ್ಟಿಕ್ ಚೀಲಗಳನ್ನು ಹೊತ್ತು ತರುತ್ತದೆ. ಒಂದು ಚೀಲ ನೀರು ಹೀರುವ ಜಾಲರಿಗೆ ಅಂಟಿದರೆ ಸಾಕು, ಎಳೆ ಸೊರಗುತ್ತದೆ. ಆಗಲೇ ಎಂಜಿನ್ ನಿಲ್ಲಿಸಿ, ಎತ್ತಿ, ಜಾಲರಿ ಬಿಡಿಸಬೇಕು. ಸದ್ದು ಬದಲಾಗುವವರೆಗೆ ಕಾದರೆ ಒಣಗಿ ತಿರುಗಿದ ಇಂಪೆಲ್ಲರಿನ ರೆಕ್ಕೆಗಳು ಸುಟ್ಟೇ ಹೋಗಿರುತ್ತವೆ.

ದಡಕ್ಕೆ ಬಂದ ಮೇಲೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಇಳಿಸಿ, ಗೇರ್ ಹಾಕದೆ ಒಂದಿಷ್ಟು ಹೊತ್ತು ಓಡಿಸುವ ಕೆಲಸಕ್ಕೂ ಉದಾಸೀನವೇ. ಮಳೆ ತೊಳೆಯುತ್ತದಲ್ಲ ಎನ್ನುವವರಿದ್ದಾರೆ. ಮಳೆ ತೊಳೆಯುವುದು ಮೇಲಿನ ಮುಚ್ಚಳವನ್ನು. ಉಪ್ಪು ಕಟ್ಟುವುದು ಒಳಗಿನ ಸಣ್ಣ ದಾರಿಗಳಲ್ಲಿ.

ಎಂಜಿನ್ ಕೆಟ್ಟರೆ ದುಡ್ಡಿನ ನಷ್ಟ. ಅದಕ್ಕಿಂತ ನನ್ನನ್ನು ಕಾಡುವುದು ಸ್ಟಾಪ್ ಸ್ವಿಚ್ಚಿನ ಕೆಂಪು ಸುರುಳಿ ಹಗ್ಗ. ಅದರ ಕ್ಲಿಪ್ ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಂಜಿನ್ ಹಿಡಿದವನು ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಳಚಿ ಎಂಜಿನ್ ನಿಲ್ಲುತ್ತದೆ. ಹಗ್ಗವನ್ನು ಸುಮ್ಮನೆ ಜೋತುಬಿಟ್ಟರೆ, ಹಿಡಿಯುವವರಿಲ್ಲದ ಎಂಜಿನ್ ಒಂದು ಬದಿಗೆ ತಿರುಗಿಕೊಂಡು ದೋಣಿ ಗಿರಕಿ ಹೊಡೆಯುತ್ತದೆ, ಪ್ರೊಪೆಲ್ಲರ್ ಬಿದ್ದವನತ್ತಲೇ ಮರಳಬಹುದು.

ಹಗ್ಗ ಬೇಡವೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಳಿವೆಯ ಬಾಯಲ್ಲಿ ಹಗ್ಗ ಎಳೆದು ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡಲಾಗುತ್ತದೆ, ಅಡ್ಡಲಾದ ದೋಣಿ ಮಗುಚುತ್ತದೆ. ಬಲೆ ಎಳೆಯುವಾಗ ಅದು ಕಾಲಿಗೆ ತೊಡರುವುದೂ ನಿಜ. ಆದರೆ ಬಲೆ ಎಳೆಯುವಾಗ ಕಟ್ಟಿಕೊಳ್ಳಬೇಕೆಂದಿಲ್ಲ; ಎಂಜಿನ್ ಹಿಡಿದು ಓಡಿಸುವಾಗ ಬೇಕು. ಅಳಿವೆಯಲ್ಲಂತೂ ಬೇಕೇ ಬೇಕು, ಏಕೆಂದರೆ ತೆರೆ ಮನುಷ್ಯನನ್ನು ಎತ್ತಿ ಎಸೆಯುವುದೂ ಅಲ್ಲಿಯೇ. ಕೂತವನ ಕೈ ಆಡುವಷ್ಟು ಸಡಿಲ ಬಿಟ್ಟು, ಬಲೆಯ ರಾಶಿಗೆ ತಾಗದಂತೆ ಕಟ್ಟಿದರೆ ಸುಮ್ಮಸುಮ್ಮನೆ ಕಳಚುವ ಭಯ ಬಹುಪಾಲು ತಪ್ಪುತ್ತದೆ.

ಇದರ ಜೊತೆಗೆ ಇನ್ನೊಂದು ಕ್ಲಿಪ್ ದೋಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಬೇಕು. ಮೊದಲನೆಯದು ಬಿದ್ದವನ ಜೊತೆಗೇ ನೀರಿಗೆ ಹೋಗಿರುತ್ತದೆ. ಉಳಿದವರು ಎಂಜಿನ್ ಮತ್ತೆ ಹೊತ್ತಿಸಿ ಅವನ ಬಳಿ ಹೋಗಬೇಕಾದರೆ ಆ ಎರಡನೆಯದೇ ಗತಿ.