ಹಿಟ್ಟಿನ ಕೋಳಿಯೂ ಕಾಲೇಜಿನ ಧರ್ಮಪಾಠವೂ

೧೯೪೮ರಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಮಾರನೆಯ ವರ್ಷ ಒಪ್ಪಿಸಿದ ವರದಿಯಲ್ಲಿ ಧರ್ಮಶಿಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಾಗಿರಿಸಿತು. ಅದರ ಅಧ್ಯಕ್ಷರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರು ೧೯೧೮ರಿಂದ ೧೯೨೧ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಪದವಿಯ ಮೊದಲನೆಯ ವರ್ಷದಲ್ಲಿ ಬುದ್ಧ, ಸಾಕ್ರಟೀಸ್, ಯೇಸು, ಶಂಕರ, ರಾಮಾನುಜ, ಮಹಮ್ಮದ್, ಕಬೀರ ಮೊದಲಾದವರ ಚರಿತ್ರೆ; ಎರಡನೆಯ ವರ್ಷದಲ್ಲಿ ಲೋಕದ ಧರ್ಮಗ್ರಂಥಗಳಿಂದ ಆಯ್ದ ಸಾರ್ವತ್ರಿಕ ಸ್ವರೂಪದ ಭಾಗಗಳು; ಮೂರನೆಯ ವರ್ಷದಲ್ಲಿ ಧರ್ಮದರ್ಶನದ ಮುಖ್ಯ ಸಮಸ್ಯೆಗಳು: ಇದು ಆಯೋಗದ ಸೂಚನೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೨೮ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧೆಯನ್ನು ನಿಷೇಧಿಸಿತು. ಮುಂದೆ ಕೊಠಾರಿ ಆಯೋಗವು (೧೯೬೪–೬೬) ಮತವನ್ನು ಬೋಧಿಸುವುದು ಬೇರೆ, ಮತಗಳನ್ನು ಕುರಿತು ಬೋಧಿಸುವುದು ಬೇರೆ ಎಂದು ವಿವೇಚಿಸಿತು. ಈ ವಿವೇಚನೆ ಯುಕ್ತವೇ ಸರಿ. ವಿಚಾರಕ್ಕೆ ಎಡೆಗೊಡುವುದು ಎರಡನೆಯ ವರ್ಷದ ಆ ‘ಸಾರ್ವತ್ರಿಕ’ ಎಂಬ ಮಾತು.

ಕನ್ನಡ ನಾಡಿನ ಕಾಲೇಜುಗಳಲ್ಲಿ ಧರ್ಮ, ನೀತಿ, ಸಂಸ್ಕೃತಿಗಳ ಅಭ್ಯಾಸವು ಪ್ರತ್ಯೇಕ ಪಠ್ಯವಾಗಿ ನಡೆದುದಕ್ಕಿಂತ ಕನ್ನಡದ ತರಗತಿಯಲ್ಲಿಯೇ ಹೆಚ್ಚಾಗಿ ನಡೆದಿದೆ. ಯಾವ ಮತದ ಮನೆಯಲ್ಲಿ ಹುಟ್ಟಿದ ವಿದ್ಯಾರ್ಥಿಯಾದರೂ ಜೈನ ಪುರಾಣದ ಆಶ್ವಾಸವನ್ನೂ ಶರಣರ ವಚನವನ್ನೂ ದಾಸರ ಪದವನ್ನೂ ಒಂದೇ ಮಣೆಯ ಮೇಲೆ ಕುಳಿತು ಓದಬೇಕಾಗುತ್ತದೆ. ಆದರೆ ಅಲ್ಲಿಯೂ ‘ಸಾರ್ವತ್ರಿಕ’ದ ಕತ್ತರಿಯು ಕೆಲಸ ಮಾಡುವುದುಂಟು. ಕಾವ್ಯದ ಮತಾಂಶವನ್ನು ಬದಿಗಿಟ್ಟು ನೀತಿಯನ್ನೂ ರಸವನ್ನೂ ಎತ್ತಿಕೊಟ್ಟರೆ ಸಾಕೆಂಬ ಭಾವನೆ ಬೋಧಕರಲ್ಲಿ ಬಳಕೆಯಾಗಿದೆ. ಹೀಗೆ ಮಾಡಿದಲ್ಲಿ ನೀತಿಯೇ ಕೈಬಿಟ್ಟುಹೋಗುವುದೆಂಬುದಕ್ಕೆ ಜನ್ನನ ‘ಯಶೋಧರ ಚರಿತೆ’ಗಿಂತ (೧೨೦೯) ಒಳ್ಳೆಯ ನಿದರ್ಶನ ದೊರೆಯಲಾರದು.

ಕಥೆ ಪ್ರಸಿದ್ಧವಾದುದು. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯು ವಿಕಾರರೂಪನಾದ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿಗೆ ಕೈ ಹೋದರೂ ತನ್ನನ್ನು ತಡೆದುಕೊಳ್ಳುತ್ತಾನೆ. ಬೆಳಗಾದ ಮೇಲೆ ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಕನಸಿನ ನೆವವನ್ನು ಹೂಡುತ್ತಾನೆ. ತಾಯಿಯು ಅದನ್ನು ದುಃಸ್ವಪ್ನವೆಂದು ಬಗೆದು ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಮಗನು ಒಪ್ಪುವುದಿಲ್ಲ, ಕೊನೆಗೆ ತಾಯಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದಾಗ ಅದು ಕೂಗುತ್ತದೆ. ಬಳಿಕ ರಾಣಿಯು ಇಬ್ಬರಿಗೂ ವಿಷವಿಡುತ್ತಾಳೆ. ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

‘ಅಹಿಂಸೆಯೇ ಇದರ ನೀತಿ’ ಎಂದು ಟಿಪ್ಪಣಿ ಬರೆಯಿಸಿ ಮುಂದೆ ಸಾಗುವ ಬೋಧಕನಿಗೆ ಚುರುಕಾದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆ ಒಂದಿದೆ: ಹಿಟ್ಟಿಗೆ ಪ್ರಾಣವೆಲ್ಲಿಯದು? ಯಾರೂ ಸಾಯದ ಕಡೆ ಕೊಲೆ ಹೇಗಾಯಿತು? ಸಾರ್ವತ್ರಿಕ ನೀತಿಯಲ್ಲಿ ಇದಕ್ಕೆ ಉತ್ತರವಿಲ್ಲ. ಅದರ ದೃಷ್ಟಿಯಿಂದ ನೋಡಿದರೆ ಹಿಟ್ಟಿನ ಕೋಳಿಯು ಹಿಂಸೆಯನ್ನು ತಪ್ಪಿಸಿದ ಜಾಣ ಉಪಾಯವಾಗಿಯೇ ತೋರೀತು. ಉತ್ತರವಿರುವುದು ಜೈನ ಶಾಸ್ತ್ರದಲ್ಲಿ, ಅದೂ ಅದರ ಸೂಕ್ಷ್ಮದಲ್ಲಿ. ಉಮಾಸ್ವಾತಿಯು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೂ ಪ್ರಾಣಹರಣವನ್ನೂ ಜೊತೆಗಿರಿಸಿದ್ದಾನೆ. ಅಷ್ಟರಿಂದ ಸಮಸ್ಯೆ ಪರಿಹಾರವಾಗದು. ಅಮೃತಚಂದ್ರಾಚಾರ್ಯನ ‘ಪುರುಷಾರ್ಥಸಿದ್ಧ್ಯುಪಾಯ’ವಾದರೋ ರಾಗದ್ವೇಷಾದಿಗಳು ಮನಸ್ಸಿನಲ್ಲಿ ಉದಯಿಸುವುದನ್ನೇ ಹಿಂಸೆಯೆಂದು ಎಣಿಸುತ್ತದೆ, ಕಷಾಯಕ್ಕೆ ವಶನಾದವನು ಮೊದಲು ತನ್ನನ್ನು ತಾನೇ ಘಾತಿಸಿಕೊಳ್ಳುತ್ತಾನೆ, ಅನ್ಯಜೀವಿಯು ಸಾಯಲಿ ಬಿಡಲಿ. ಈ ಬೆಳಕಿನಲ್ಲಿ ಓದಿದಾಗ ಹಿಟ್ಟಿನ ಕೋಳಿಯು ಕಾವ್ಯದ ಕೇಂದ್ರಕ್ಕೆ ಬರುತ್ತದೆ. ಪ್ರಾಣವಿಲ್ಲದ ವಸ್ತುವನ್ನು ಆರಿಸಿಕೊಂಡುದರಿಂದಲೇ ಸಂಕಲ್ಪವೊಂದೇ ಬತ್ತಲೆಯಾಗಿ ಉಳಿಯಿತು.

ಇನ್ನೊಂದು ಅಂಶವು ಆಯ್ದ ಭಾಗಗಳನ್ನು ಓದುವವರಿಗೆ ಕಾಣುವಂತೆಯೇ ಇಲ್ಲ. ಕಥೆಯ ಕೊನೆಯ ತಿರ್ಯಗ್ಜನ್ಮದಲ್ಲಿ ತಾಯಿಮಕ್ಕಳು ನಿಜವಾದ ಕೋಳಿಗಳು. ಮುನಿಯ ಧರ್ಮೋಪದೇಶವನ್ನು ಕೇಳಿ, ಪೂರ್ವಜನ್ಮವನ್ನು ನೆನೆದು, ಸಂತೋಷದಿಂದ ಕೂಗುತ್ತವೆ. ಆ ಕೂಗನ್ನು ಕೇಳಿದ ಯಶೋಮತಿಯು, ಎಂದರೆ ಯಶೋಧರನ ಮಗನೇ, ಶಬ್ದವೇಧಿಯ ಚಾತುರ್ಯವನ್ನು ತೋರಲು ಬಾಣ ಬಿಡುತ್ತಾನೆ. ಮೊದಲಿನ ಕೂಗಿನಲ್ಲಿ ಕರ್ಮವು ಬಂಧಿಸಿತು. ಈ ಕೂಗಿನಲ್ಲಿ ಬಿಡುಗಡೆಯ ದಾರಿ ತೆರೆಯಿತು. ಅಮೃತಮತಿಯ ಪ್ರಸಂಗವನ್ನು ಮಾತ್ರ ಆರಿಸಿಕೊಂಡು, ಅದು ಪ್ರೇಮದ ವಿಚಿತ್ರಗತಿಯ ಚಿತ್ರವೆಂದು ಕೊಂಡಾಡುವವರು ಇಂಥ ರಚನಾಕೌಶಲವನ್ನೇ ಕಳೆದುಕೊಳ್ಳುತ್ತಾರೆ. ಮತಾಂಶವನ್ನು ಬಿಟ್ಟು ಕಾವ್ಯಾಂಶವನ್ನು ಉಳಿಸಿಕೊಂಡೆವೆಂಬುದು ಭ್ರಮೆ.

ಶಾಸ್ತ್ರವನ್ನು ಇಷ್ಟು ಆಳವಾಗಿ ಬೋಧಿಸಿದರೆ ಮತಬೋಧೆಯಾಗದೆ? ಎಂಬ ಆಕ್ಷೇಪ ಸಹಜ. ಕಾವ್ಯವು ಯಾವ ತರ್ಕದಿಂದ ನಡೆಯುತ್ತದೆಂಬುದನ್ನು ತಿಳಿಸುವುದಕ್ಕೂ ಆ ತರ್ಕವನ್ನು ಒಪ್ಪಬೇಕೆನ್ನುವುದಕ್ಕೂ ಅಂತರವುಂಟು. ವಸ್ತುತಃ ಸಾರ್ವತ್ರಿಕ ಸಾರವೆಂದು ಕೊಟ್ಟುದನ್ನು ವಿದ್ಯಾರ್ಥಿಯು ಪ್ರಶ್ನಿಸಲಾರನು. ಅದನ್ನು ಎಲ್ಲರೂ ಒಪ್ಪಿದ್ದಾರೆಂದು ಮೊದಲೇ ಸಾರಲಾಗಿದೆ. ಒಂದು ಮತದ ವಿಶಿಷ್ಟ ಸಿದ್ಧಾಂತವೆಂದು ಕೊಟ್ಟುದನ್ನು ಪ್ರಶ್ನಿಸಬಲ್ಲನು. ಇಷ್ಟಲಿಂಗ, ಜಂಗಮಗಳ ಅರ್ಥವನ್ನು ತಿಳಿಸದೆ ವಚನಗಳನ್ನು ಕೇವಲ ಸಮಾನತೆಯ ಸುಭಾಷಿತಗಳನ್ನಾಗಿಸುವಲ್ಲಿಯೂ ನಡೆಯುವುದು ಇದೇ.

ಜನ್ನನಲ್ಲಿ ಪ್ರಶ್ನಿಸತಕ್ಕ ಸ್ಥಳಗಳು ಸಾಕಷ್ಟಿವೆ. ಈ ಕಾವ್ಯವು ಚಂಡಮಾರಿಯ ಗುಡಿಯಲ್ಲಿ, ಬಲಿಗೆ ತಂದ ಇಬ್ಬರು ಎಳೆಯರ ಬಾಯಿಂದ ಹೊರಟ ಕಥೆ. ಮಾರಿಯ ಆರಾಧನೆಯ ವಿರುದ್ಧ ನೇರವಾದ ವಾದ. ಮಾರಿಹಬ್ಬದಲ್ಲಿ ಕೋಳಿ ಕೊಯ್ಯುವ ಮನೆಯಿಂದ ಬಂದ ಹುಡುಗನೂ ಆ ತರಗತಿಯಲ್ಲಿ ಕುಳಿತಿರುತ್ತಾನೆ. ಇದು ಎಲ್ಲರ ನೀತಿಯೆಂದು ಹೇಳಿದರೆ ಅವನು ತನ್ನ ಮನೆಯವರು ನೀತಿಯ ಹೊರಗಿನವರೆಂದು ತಿಳಿದು ತಲೆ ತಗ್ಗಿಸಬೇಕು. ಹದಿಮೂರನೆಯ ಶತಮಾನದ ಜೈನಕವಿಯೊಬ್ಬನು ಎದುರುಪಕ್ಷದ ಮೇಲೆ ಹೂಡಿದ ವಾದವೆಂದು ಹೇಳಿದರೆ ಉತ್ತರ ಹೇಳಲು ಅವನಿಗೆ ಎಡೆಯುಂಟು. ಮಾವುತನ ವಿಕಾರದೇಹದ ವರ್ಣನೆಯಲ್ಲಿ ಕವಿಗಿರುವ ಉತ್ಸಾಹವೂ ರಾಣಿಗೆ ಕಡೆಗೆ ವಿಧಿಸಿದ ನರಕವೂ ಅಂತೆಯೇ ಚರ್ಚೆಗೆ ಬರಬೇಕಾದುವು.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ವು (೧೯೮೦) ಇಂಥ ಪ್ರಶ್ನೆಯಿಂದಲೇ ಹುಟ್ಟಿದ ನಾಟಕ. ಅಲ್ಲಿ ಜನ್ಮಪರಂಪರೆಯಿಲ್ಲ, ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರು ಮಾತ್ರ. ಪುನರ್ಜನ್ಮವನ್ನು ತೆಗೆದ ಮೇಲೂ ಸಂಕಲ್ಪಹಿಂಸೆಯು ಪಾಪವಾಗಿ ಉಳಿಯುವುದೇ ಎಂಬುದನ್ನು ವಿದ್ಯಾರ್ಥಿಗಳು ಎರಡು ಕೃತಿಗಳನ್ನೂ ಮುಂದಿಟ್ಟುಕೊಂಡು ವಾದಿಸಬಹುದು. ಜನ್ನನ ಶಾಸ್ತ್ರವನ್ನು ಬಿಟ್ಟು ಓದಿದವರಿಗೆ ಕಾರ್ನಾಡರು ಬಿಟ್ಟುದೇನೆಂಬುದೂ ತಿಳಿಯದು.