ನಾಲ್ವರು ಸೋದರಿಯರು, ಒಂದು ಕೊರಳು

‘ವಿ ಆರ್ ಫ್ಯಾಮಿಲಿ’ ಹಾಡನ್ನು ಬಲ್ಲವರು ಬಹಳ ಮಂದಿ. ಅದೇ ಹೆಸರಿನ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದವರು ಕಡಿಮೆ. 1979ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಈ ಹಾಡನ್ನು ತನ್ನ ಗೀತೆಯಾಗಿಸಿಕೊಂಡು ವರ್ಲ್ಡ್ ಸೀರೀಸ್ ಗೆದ್ದಿತು. ಅಲ್ಲಿಂದಾಚೆಗೆ ಅದು ಮದುವೆ ಮನೆಗಳ, ಮೆರವಣಿಗೆಗಳ ಪಾಲಾಯಿತು. ಆ ಗದ್ದಲದಲ್ಲಿ ಆಲ್ಬಮ್ಮಿನ ನಿಜವಾದ ಸತ್ವ ಮರೆಯಾಗಿದೆ ಎನ್ನುವುದು ನನ್ನ ದೂರು.

ಅದನ್ನು ಹಾಡಿದ ಫಿಲಡೆಲ್ಫಿಯಾದ ಡೆಬಿ, ಜೋನಿ, ಕಿಮ್, ಕ್ಯಾಥಿ ಸ್ಲೆಡ್ಜ್ ಒಡಹುಟ್ಟಿದವರು. ಅವರ ಅಜ್ಜಿ ಅಪೆರಾ ಗಾಯಕಿ. ಎಪ್ಪತ್ತರ ದಶಕದುದ್ದಕ್ಕೂ ಹಾಡಿದರೂ ಅಮೆರಿಕದಲ್ಲಿ ಈ ಸೋದರಿಯರಿಗೆ ದೊಡ್ಡ ಹೆಸರು ಬಂದಿರಲಿಲ್ಲ. ಅದೇ ಹೊತ್ತಿಗೆ ‘ಶೀಕ್’ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಅವರನ್ನು ಅಟ್ಲಾಂಟಿಕ್ ಕಂಪನಿ ತನ್ನ ಪ್ರಸಿದ್ಧ ಕಲಾವಿದರಿಗೆ ಹಾಡು ಕಟ್ಟಿಕೊಡಲು ಕರೆಯಿತು. ಅವರು ಪ್ರಸಿದ್ಧರನ್ನು ಬಿಟ್ಟು, ಹೆಚ್ಚು ಹೆಸರಿಲ್ಲದ ತಂಡವೊಂದನ್ನು ಕೇಳಿದರು; ಸಿಕ್ಕಿದ್ದು ಈ ಸೋದರಿಯರ ತಂಡ. ಸೋದರಿಯರ ಬಗ್ಗೆ ಕಂಪನಿಯ ಮುಖ್ಯಸ್ಥ ಹೇಳಿದ ಮಾತುಗಳಿಂದಲೇ ಶೀರ್ಷಿಕೆ ಗೀತೆ ಹುಟ್ಟಿತು.

ಆಲ್ಬಮ್ಮಿನ ಬಲವೂ ಕೊರತೆಯೂ ಈ ಏರ್ಪಾಟಿನಲ್ಲೇ ಇವೆ. ಸಂಗೀತ ಪೂರ್ತಿ ರಾಜರ್ಸ್–ಎಡ್ವರ್ಡ್ಸ್ ಅವರದು. ‘ಹೀ ಈಸ್ ದಿ ಗ್ರೇಟೆಸ್ಟ್ ಡ್ಯಾನ್ಸರ್’ ಕೇಳಿ: ರಾಜರ್ಸ್ ಗಿಟಾರು ಸ್ವರಗಳನ್ನು ಉದ್ದಕ್ಕೆ ಎಳೆಯುವುದೇ ಇಲ್ಲ, ತಂತಿಯ ಮೇಲೆ ಬೆರಳು ಒತ್ತಿದಷ್ಟೇ ಬೇಗ ಸಡಿಲಿಸಿ, ನಾದಕ್ಕಿಂತ ಹೆಚ್ಚಾಗಿ ಪೆಟ್ಟನ್ನು ಹೊರಡಿಸುತ್ತದೆ. ಟೋನಿ ಥಾಂಪ್ಸನ್ನರ ಡ್ರಮ್ಮು ಒಂದಿಷ್ಟೂ ಅಲುಗದೆ ನಡೆಯುತ್ತದೆ. ಎಡ್ವರ್ಡ್ಸ್ ಬೇಸ್ ಮಾತ್ರ ಇವೆರಡರ ನಡುವೆ ಹಾಡಿನೊಳಗೆ ಇನ್ನೊಂದು ಹಾಡಿನಂತೆ ಹರಿಯುತ್ತದೆ. ಒಂದು ಪದರವನ್ನು ತೆಗೆದರೂ ಇಡೀ ಕಟ್ಟಡ ಸೊರಗುತ್ತದೆ.

ಇಷ್ಟು ಕರಾರುವಾಕ್ಕಾದ ಲಯದ ಮೇಲೆ ಹದಿಹರೆಯ ಇನ್ನೂ ಪೂರ್ತಿ ದಾಟದ ಕ್ಯಾಥಿಯ ಕಂಠ ಬಂದು ಕೂರುತ್ತದೆ. ಶೀರ್ಷಿಕೆ ಗೀತೆಯ ಸಾಹಿತ್ಯವನ್ನು ಆಕೆಗೆ ಮುಂಚಿತವಾಗಿ ಕೊಟ್ಟಿರಲಿಲ್ಲ. ಸಾಲು ಸಾಲಾಗಿ ಹೇಳಿಕೊಡುತ್ತಾ ಹೋದರು, ಆಕೆ ಹಾಡುತ್ತಾ ಹೋದಳು; ಆ ಮೊದಲ ಸಲದ ಮುದ್ರಣವೇ ಉಳಿಯಿತು. ಎಂಟು ನಿಮಿಷ ದಾಟುವ ಹಾಡಿನ ಕೊನೆಯ ಭಾಗದಲ್ಲಿ ಆಕೆ ತಾಳದ ಹಿಂದೆ ಮುಂದೆ ಓಡಾಡುವುದನ್ನು, ಉಸಿರು ತುಂಬಿ ಕೂಗುವುದನ್ನು ಗಮನಿಸಿ. ಅಭ್ಯಾಸದಿಂದ ಬರುವಂಥದ್ದಲ್ಲ ಅದು. ವಾದ್ಯಗಳ ಶಿಸ್ತು, ಕಂಠದ ಬೀಸು ಒಂದಕ್ಕೊಂದು ಬಗ್ಗದೆ ನಿಲ್ಲುವುದೇ ಇಲ್ಲಿನ ಸೊಗಸು.

ಆದರೂ ನನ್ನ ಮಟ್ಟಿಗೆ ಆಲ್ಬಮ್ಮಿನ ಶಿಖರ ‘ಲಾಸ್ಟ್ ಇನ್ ಮ್ಯೂಸಿಕ್’. ಸಂಗೀತಕ್ಕಾಗಿ ನೌಕರಿ ಬಿಟ್ಟವರ ಸಂತೋಷದ ಹಾಡಿದು ಎಂದು ಮೇಲುನೋಟಕ್ಕೆ ಅನಿಸುತ್ತದೆ. ರಾಗದಲ್ಲಿ ಮಾತ್ರ ಒಂದು ಕಳವಳ ಸುಳಿದಾಡುತ್ತಲೇ ಇರುತ್ತದೆ. ಇವರಿಗೆ ಬಿಡುಗಡೆ ಸಿಕ್ಕಿತೋ, ಹೊರಬರಲಾಗದ ಸುಳಿಯೊಂದರೊಳಗೆ ಬಿದ್ದರೋ ಎಂಬ ಅನುಮಾನ ತೀರುವುದಿಲ್ಲ. ಡಿಸ್ಕೊ ಎಂದರೆ ಯೋಚನೆಯಿಲ್ಲದ ಕುಣಿತ ಎಂದವರು ಇದನ್ನು ಕೇಳಬೇಕಿತ್ತು. 1979ರ ಜುಲೈ 12ರಂದು ಷಿಕಾಗೋದ ಕ್ರೀಡಾಂಗಣದಲ್ಲಿ ಡಿಸ್ಕೊ ಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಸಿದರು. ಕರಿಯರ ಸಂಗೀತದ ಮೇಲಿನ ಅಸಹನೆಯೂ ಆ ಸಿಟ್ಟಿನಲ್ಲಿ ಬೆರೆತಿತ್ತು ಎಂದೇ ನಾನು ನಂಬುತ್ತೇನೆ.

‘ಥಿಂಕಿಂಗ್ ಆಫ್ ಯು’ ಹಗುರ, ಹಿತ. ‘ಈಸಿಯರ್ ಟು ಲವ್’ ಮುಂತಾದ ನಿಧಾನದ ಹಾಡುಗಳು ಸಪ್ಪೆ. ಇನ್ನೂ ದೊಡ್ಡ ಆಕ್ಷೇಪಣೆಯೊಂದಿದೆ. ನಾಲ್ಕು ಕೊರಳುಗಳ ತಂಡವಿದು, ಚಿಕ್ಕಂದಿನಿಂದ ಜೊತೆಗೆ ಹಾಡಿ ಪಳಗಿದ್ದು. ಆದರೆ ಪ್ರಸಿದ್ಧ ಹಾಡುಗಳಲ್ಲೆಲ್ಲ ಕ್ಯಾಥಿಯದೇ ಮುಮ್ಮೇಳ. ಅಕ್ಕಂದಿರಿಗೆ ಪಲ್ಲವಿಯನ್ನು ಒಕ್ಕೊರಲಿನಿಂದ ಹೇಳುವ ಕೆಲಸ. ಬೇರೆ ಬೇರೆ ಸ್ಥಾಯಿಗಳಲ್ಲಿ ಹೆಣೆದುಕೊಂಡು ಹಾಡುವ ಸೋಲ್ ಪರಂಪರೆಯ ಸೊಬಗಿಗೆ ಇಲ್ಲಿ ಜಾಗ ಸಾಲದು. ಕುಟುಂಬವನ್ನೇ ಕೊಂಡಾಡುವ ಆಲ್ಬಮ್ಮಿನಲ್ಲಿ ಆ ಮೂವರನ್ನು ಹೀಗೆ ಹಿಂದೆ ನಿಲ್ಲಿಸಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. 1981ರ ‘ಆಲ್ ಅಮೆರಿಕನ್ ಗರ್ಲ್ಸ್’ ಆಲ್ಬಮ್ಮಿನ ಹೊತ್ತಿಗೆ, ನಿರ್ಮಾಪಕ ನಾರದ ಮೈಕೆಲ್ ವಾಲ್ಡನ್ ಜೊತೆ ಸೇರಿ ಆ ಸೋದರಿಯರು ನಿರ್ಮಾಣದಲ್ಲಿ ತಾವೂ ಕೈಜೋಡಿಸಿದರು.