28 ಎಂಬ ಅಂಕಿಯ ಮಿತಿ

ಪರಮಾಣುಗಳ ದ್ರವ್ಯರಾಶಿಯನ್ನು ಪೂರ್ಣಾಂಕಕ್ಕೆ ಇಳಿಸಿ ಬೋಧಿಸುವ ರೂಢಿ ನಮ್ಮ ತರಗತಿಗಳಲ್ಲಿ ಬೇರೂರಿದೆ. ಇದರಿಂದ ಲೆಕ್ಕ ಸುಲಭವಾಗುವುದು ದಿಟ. ಆದರೆ ದಶಮಾಂಶವೆಂಬುದು ಬರಿಯ ಅಳತೆಯ ದೋಷವೆಂಬ ಭ್ರಾಂತಿಗೂ ಇದು ಎಡೆಗೊಡುತ್ತದೆ.

ಸಮೀಪದ ನಿದರ್ಶನವೊಂದನ್ನು ನೋಡಬಹುದು. ನಾಗಸಂದ್ರದ ನೆರೆಯ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದ ನಿಯಂತ್ರಿತವಾದ ಇಸ್ರೋ ನೌಕೆಯು 2014ರಲ್ಲಿ ಮಂಗಳನ ಕಕ್ಷೆಯನ್ನು ಸೇರಿತು. ಅದರಲ್ಲಿದ್ದ ಮೆಂಕಾ ಎಂಬ ದ್ರವ್ಯರಾಶಿ ರೋಹಿತಮಾಪಕವು ಆ ಗ್ರಹದ ಹೊರ ವಾಯುಮಂಡಲವನ್ನು ಪರೀಕ್ಷಿಸಿದಾಗ, 28ರ ಸ್ಥಾನದಲ್ಲಿ ನೈಟ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕೂಡಿಯೇ ತೋರಿದವು. ಕಾರ್ಬನ್-12ನ್ನು ಸರಿಯಾಗಿ 12 ಎಂದಿಟ್ಟ ಮಾನದಲ್ಲಿ ಮೊದಲನೆಯದರ ರಾಶಿ 28.0061, ಎರಡನೆಯದರದು 27.9949. ಇವನ್ನು ಬೇರ್ಪಡಿಸಲು ಸುಮಾರು 2500ರ ಪೃಥಕ್ಕರಣ ಶಕ್ತಿ ಬೇಕು. ಒಂದೊಂದು ಮಾನದ ಅಂತರವನ್ನಷ್ಟೇ ಗುರುತಿಸುವ ಹಗುರವಾದ ಉಪಕರಣದಿಂದ ಅದನ್ನು ಬಯಸಲಾಗದು. ದೋಷವಿರುವುದು ಉಪಕರಣದಲ್ಲಲ್ಲ, 28 ಎಂದೊಡನೆ ಅನಿಲದ ಗುರುತು ಸಿಕ್ಕಿತೆಂದು ನಂಬುವುದರಲ್ಲಿ.

1919ರಲ್ಲಿ ಪೂರ್ಣಾಂಕ ನಿಯಮವನ್ನು ಸಾರಿದ ಆಸ್ಟನ್ನನೇ 1927ರ ಹೊತ್ತಿಗೆ ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆದು, ಆ ನಿಯಮದಿಂದಾಗುವ ಅಲ್ಪ ವಿಚಲನೆಗಳನ್ನು ಪಟ್ಟಿಮಾಡಿದನು. ನ್ಯೂಕ್ಲಿಯಸ್ಸಿನ ಬಂಧನಶಕ್ತಿ ಅಡಗಿರುವುದು ಆ ವಿಚಲನೆಗಳಲ್ಲಿಯೇ. ಆದುದರಿಂದ ಅಂಕಿಯನ್ನು ಮೊಟಕುಗೊಳಿಸುವ ಅಧ್ಯಾಪಕರು, ತಾವು ಕೈಬಿಟ್ಟುದು ಏನೆಂಬುದನ್ನಾದರೂ ವಿದ್ಯಾರ್ಥಿಗಳಿಗೆ ತಿಳಿಸತಕ್ಕದ್ದು.